ಆಟೋಮ್ಯಾಟಿಕ್ ಕಾರು ನಿಜಕ್ಕೂ ಹೆಚ್ಚು ಪೆಟ್ರೋಲ್ ಕುಡಿಯುತ್ತಾ?

ಗಲ್ಫ್‌ನಿಂದ ರಜೆಯಲ್ಲಿ ಊರಿಗೆ ಬಂದ ಹುಡುಗ ಹೊಸ ಕಾರಿನ ಮಾತು ಎತ್ತಿದರೆ ಸಾಕು, ಮನೆಯಲ್ಲಿ ಎರಡು ಪಕ್ಷ ಆಗಿಬಿಡುತ್ತದೆ. "ಮೋನು, ಆಟೋಮ್ಯಾಟಿಕ್ ಮಾತ್ರ ಬೇಡ. ಅದು ಪೆಟ್ರೋಲ್ ಕುಡಿಯುತ್ತೆ" ಅಂತ ಮಾಮ ಹೇಳುತ್ತಾರೆ. "ಅದೆಲ್ಲ ಹಳೇ ಕಥೆ ಮಾಮ, ಈಗ ಆಟೋಮ್ಯಾಟಿಕ್‌ಗೇ ಮೈಲೇಜ್ ಜಾಸ್ತಿ" ಅಂತ ಹುಡುಗ ಮೊಬೈಲ್ ತೋರಿಸುತ್ತಾನೆ. ಇಬ್ಬರೂ ಮೈಲೇಜ್ ಬಗ್ಗೆಯೇ ಮಾತಾಡುತ್ತಿರುವಾಗ, ಆ ಕಾರನ್ನು ವರ್ಷದ ಹನ್ನೊಂದು ತಿಂಗಳು ಓಡಿಸಬೇಕಾದ ಹುಡುಗನ ಹೆಂಡತಿಯನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಲೈಸೆನ್ಸ್ ಸಿಕ್ಕಿ ಎರಡು ವರ್ಷ ಆಗಿದೆ. ಆದರೆ ಮನೆಯ ಗೇಟಿನ ಎದುರಿನ ಏರಿನಲ್ಲಿ ಕ್ಲಚ್ ಬಿಡುವಾಗ ಕಾರು ಹಿಂದಕ್ಕೆ ಜಾರುತ್ತೆ ಅನ್ನುವ ಹೆದರಿಕೆಯಲ್ಲಿ ಹಳೆಯ ಕಾರು ಶೆಡ್‌ನಲ್ಲೇ ನಿಂತಿದೆ. ಉಮ್ಮನನ್ನು ದೇರಳಕಟ್ಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಪ್ರತಿ ಸಲ ಬಾಡಿಗೆ ಗಾಡಿಯೇ ಬೇಕು.

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡಿನಿಂದ ಹಿಡಿದು ಉಳ್ಳಾಲ, ಮಂಗಳೂರಿನವರೆಗೆ ಇಂಥ ಮನೆಗಳಿಗೆ ಬರವಿಲ್ಲ. ಲಕ್ಷಗಟ್ಟಲೆ ರೂಪಾಯಿ ಸಾಲದ ತೀರ್ಮಾನ "ಪೆಟ್ರೋಲ್ ಕುಡಿಯುತ್ತೆ" ಅನ್ನುವ ಒಂದೇ ಮಾತಿನ ಮೇಲೆ ಆಗುವ ಮುಂಚೆ, ಆ ಮಾತು ಎಷ್ಟು ನಿಜ ಅಂತ ಒಮ್ಮೆ ನೋಡುವುದು ಒಳ್ಳೆಯದು. ಚುಟುಕಾಗಿ ಹೇಳುವುದಾದರೆ ಮಾಮ ಹೇಳಿದ್ದೂ ಸುಳ್ಳಲ್ಲ, ಹುಡುಗ ಹೇಳಿದ್ದೂ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆ ಗೇರ್ ಬಾಕ್ಸ್ ಬಗ್ಗೆ ಮಾತಾಡುತ್ತಿದ್ದಾರೆ, ಅಷ್ಟೇ.

ಈ ಮಾತು ಬಂದದ್ದು ಎಲ್ಲಿಂದ?

ಮ್ಯಾನುವಲ್ ಕಾರಿನಲ್ಲಿ ಎಂಜಿನ್‌ಗೂ ಗೇರ್ ಬಾಕ್ಸ್‌ಗೂ ನಡುವೆ ಕ್ಲಚ್ ಇರುತ್ತದೆ. ಪೆಡಲ್‌ನಿಂದ ಕಾಲು ತೆಗೆದ ಮೇಲೆ ಕ್ಲಚ್ ಪ್ಲೇಟ್ ಎಂಜಿನ್‌ನ ಫ್ಲೈವೀಲ್‌ಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಎಂಜಿನ್ ಎಷ್ಟು ತಿರುಗುತ್ತದೋ ಅಷ್ಟೂ ಗೇರ್‌ಗೆ ಹೋಗುತ್ತದೆ, ನಡುವೆ ಸೋರಿಕೆ ಇಲ್ಲ.

ಹಳೆಯ ಕಾಲದ ಆಟೋಮ್ಯಾಟಿಕ್ ಹಾಗಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1940ರ ಮಾಡೆಲ್‌ನ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಗೇರ್ ಬಾಕ್ಸ್ ಕೊಟ್ಟಿತು. ಅದರಲ್ಲಿ ಎಂಜಿನ್‌ನ ಶಕ್ತಿ ಗೇರ್‌ಗೆ ಹೋಗುತ್ತಿದ್ದದ್ದು ಎಣ್ಣೆಯ ಮೂಲಕ. ಆಮೇಲೆ ಬಂದ ಟಾರ್ಕ್ ಕನ್ವರ್ಟರ್ ಕೂಡ ಇದೇ ಜಾತಿಯದ್ದು. ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಸ್ವಿಚ್ ಹಾಕಿದರೆ, ಅದರ ಗಾಳಿಗೆ ಇನ್ನೊಂದು ಫ್ಯಾನ್ ಕೂಡ ನಿಧಾನಕ್ಕೆ ತಿರುಗುತ್ತದೆ. ಆದರೆ ಎರಡನೆಯದು ಮೊದಲನೆಯದರಷ್ಟು ವೇಗವಾಗಿ ತಿರುಗುವುದಿಲ್ಲ. ಟಾರ್ಕ್ ಕನ್ವರ್ಟರ್‌ನಲ್ಲಿ ಗಾಳಿಯ ಬದಲು ಎಣ್ಣೆ ಇದೆ. ಆ ಎರಡು ವೇಗಗಳ ನಡುವಿನ ವ್ಯತ್ಯಾಸದಿಂದ ಒಂದಷ್ಟು ಶಕ್ತಿ ಎಣ್ಣೆ ಬಿಸಿಯಾಗುವುದರಲ್ಲಿ ಹೋಗುತ್ತದೆ. ಆ ಬಿಸಿಗೆ ಬೆಲೆ ಕೊಡುವುದು ಪೆಟ್ರೋಲ್.

ಇದರ ಜೊತೆಗೆ ಹಳೆಯ ಆಟೋಮ್ಯಾಟಿಕ್‌ಗಳಲ್ಲಿ ಇದ್ದದ್ದು ಮೂರು ಅಥವಾ ನಾಲ್ಕೇ ಗೇರ್. ಅದೇ ಕಾರಿನ ಮ್ಯಾನುವಲ್‌ನಲ್ಲಿ ಐದು ಗೇರ್ ಇರುತ್ತಿತ್ತು. ಹೈವೇಯಲ್ಲಿ ಮ್ಯಾನುವಲ್ ಕಾರು ಐದನೇ ಗೇರ್‌ನಲ್ಲಿ ಆರಾಮವಾಗಿ ಹೋಗುವಾಗ ಆಟೋಮ್ಯಾಟಿಕ್‌ನ ಎಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ಕೂಗುತ್ತಾ ಹೋಗುತ್ತಿತ್ತು.

ಗಲ್ಫ್‌ಗೆ ಹೋದ ಹಿರಿಯರು ನೋಡಿದ್ದು ಇಂಥ ಕಾರುಗಳನ್ನೇ. ಅದೂ ದೊಡ್ಡ ಎಂಜಿನ್, ಜೊತೆಗೆ ಸುಡು ಬಿಸಿಲಿನಲ್ಲಿ ಇಡೀ ದಿನ ಎಸಿ. ಪೆಟ್ರೋಲ್ ಅಗ್ಗ ಇದ್ದದ್ದರಿಂದ ಅಲ್ಲಿ ಮೈಲೇಜ್ ಕೇಳುವವರೇ ಕಡಿಮೆ. ಯುಎಇಯಲ್ಲಿ ಪೆಟ್ರೋಲ್ ದರವನ್ನು ಅಂತರರಾಷ್ಟ್ರೀಯ ಮಾರುಕಟ್ಟೆಗೆ ಜೋಡಿಸಿದ್ದೇ 2015ರ ಆಗಸ್ಟ್‌ನಲ್ಲಿ. ದೊಡ್ಡ ಎಂಜಿನ್ ಕುಡಿದ ಪೆಟ್ರೋಲಿನ ಕೆಟ್ಟ ಹೆಸರೂ ಆಟೋಮ್ಯಾಟಿಕ್ ಗೇರ್ ಬಾಕ್ಸ್‌ನ ತಲೆಗೇ ಬಂತು. ಊರಿಗೆ ವಾಪಸ್ ಬಂದ ಮಾತಿನಲ್ಲಿ ಗೇರ್ ಬಾಕ್ಸ್‌ನ ಪಾಲೆಷ್ಟು, ಎಂಜಿನ್‌ನ ಪಾಲೆಷ್ಟು ಎಂದು ಯಾರೂ ಬೇರೆ ಮಾಡಲಿಲ್ಲ.

ಒಂದೇ ಹೆಸರು, ನಾಲ್ಕು ಗೇರ್ ಬಾಕ್ಸ್

ಈಗ ಭಾರತದ ಶೋರೂಮ್‌ಗಳಲ್ಲಿ "ಆಟೋಮ್ಯಾಟಿಕ್" ಅಂತ ಮಾರುವ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ ಇವೆ. ಹೊರಗಿನಿಂದ ನೋಡಿದರೆ ಎಲ್ಲದರಲ್ಲೂ ಎರಡೇ ಪೆಡಲ್. ಒಳಗೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ.

ಮೊದಲನೆಯದು ಎಎಂಟಿ. ಇದು ನಿಜವಾಗಿ ನೋಡಿದರೆ ಮ್ಯಾನುವಲ್ ಗೇರ್ ಬಾಕ್ಸೇ. ಅದೇ ಕ್ಲಚ್, ಅದೇ ಹಲ್ಲುಗಳು. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಕಾಲು, ಕೈ ಬದಲು ಕಂಪ್ಯೂಟರ್ ಹೇಳಿದಂತೆ ಒಂದು ಯಂತ್ರ ಮಾಡುತ್ತದೆ. ಭಾರತದಲ್ಲಿ ಇದನ್ನು ಸಾಮಾನ್ಯ ಜನರ ಕೈಗೆ ತಂದದ್ದು 2014ರ ಫೆಬ್ರವರಿಯಲ್ಲಿ ಆಟೋ ಎಕ್ಸ್‌ಪೋದಲ್ಲಿ ಬಿಡುಗಡೆಯಾದ ಮಾರುತಿ ಸೆಲೆರಿಯೊ. ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಕಂಪನಿಯ ತಂತ್ರಜ್ಞಾನ ಅದರಲ್ಲಿತ್ತು. ಆಗ ಮ್ಯಾನುವಲ್‌ಗೂ ಎಎಂಟಿಗೂ ಕಂಪನಿ ಕೊಟ್ಟ ಮೈಲೇಜ್ ಒಂದೇ, ಲೀಟರಿಗೆ 23.1 ಕಿಲೋಮೀಟರ್. ನಡುವೆ ಎಣ್ಣೆ ಇಲ್ಲ, ಗೇರ್ ಬಾಕ್ಸೂ ಅದೇ, ಹಾಗಾಗಿ ಸೋರಿಕೆಯೂ ಹೆಚ್ಚಿಲ್ಲ. ಇದರ ಕೊರತೆ ಬೇರೆ: ಗೇರ್ ಬದಲಾಗುವಾಗ ಕಾರು ಒಂದು ಕ್ಷಣ ತಡೆದು ತಲೆ ಆಡಿಸಿದಂತೆ ಆಗುತ್ತದೆ, ಓವರ್‌ಟೇಕ್ ಮಾಡುವಾಗ ಸ್ವಲ್ಪ ತಡವಾಗುತ್ತದೆ.

ಎರಡನೆಯದು ಸಿವಿಟಿ. ಹುಂಡೈ ಇದನ್ನೇ ಐವಿಟಿ ಎನ್ನುತ್ತದೆ. ಇದರಲ್ಲಿ ಹಲ್ಲಿನ ಗೇರ್‌ಗಳ ಬದಲು ಎರಡು ಪುಲ್ಲಿ, ಅವುಗಳ ನಡುವೆ ಒಂದು ಬೆಲ್ಟ್ ಅಥವಾ ಚೈನ್. ಪುಲ್ಲಿಗಳು ಅಗಲ ಕಿರಿದಾಗುತ್ತಾ ಅನುಪಾತವನ್ನು ಮೆಲ್ಲಗೆ ಬದಲಿಸುತ್ತಾ ಹೋಗುತ್ತವೆ. ಒಂದನೇ ಗೇರ್, ಎರಡನೇ ಗೇರ್ ಎಂಬ ಮೆಟ್ಟಿಲುಗಳೇ ಇಲ್ಲ. ಎಂಜಿನ್‌ಗೆ ಯಾವ ವೇಗದಲ್ಲಿ ಕಡಿಮೆ ಇಂಧನ ಸಾಕೋ ಅಲ್ಲೇ ಅದನ್ನು ಇಟ್ಟುಕೊಳ್ಳಬಹುದು, ಇದೇ ಅದರ ಲಾಭ. ಆದರೆ ಬೆಲ್ಟ್ ಜಾರದಂತೆ ಬಿಗಿ ಹಿಡಿಯಲು ಎಣ್ಣೆಯ ಪಂಪು ಓಡಬೇಕು, ಅದಕ್ಕೂ ಸ್ವಲ್ಪ ಶಕ್ತಿ ಹೋಗುತ್ತದೆ. ಎಕ್ಸಿಲರೇಟರ್ ಜೋರಾಗಿ ತುಳಿದರೆ ಎಂಜಿನ್ ಮೊದಲು ಕೂಗಿ, ಕಾರು ಆಮೇಲೆ ಓಡಿದಂತೆ ಅನಿಸುತ್ತದೆ. ಅಂಥ ಕಾಲಿಗೆ ಸಿವಿಟಿ ಮೈಲೇಜ್ ಕೊಡುವುದಿಲ್ಲ.

ಮೂರನೆಯದು ಮಾಮ ಹೇಳುವ ಅಸಲಿ ಆಟೋಮ್ಯಾಟಿಕ್, ಅಂದರೆ ಟಾರ್ಕ್ ಕನ್ವರ್ಟರ್. ಆದರೆ ಇದೂ ಈಗ ಹಿಂದಿನಂತಿಲ್ಲ. ಕಾರು ಒಂದು ವೇಗಕ್ಕೆ ಬಂದ ಮೇಲೆ ಆ ಎರಡು "ಫ್ಯಾನ್"ಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಕಚ್ಚಿಸುವ ಲಾಕ್-ಅಪ್ ಕ್ಲಚ್ ಈಗ ಎಲ್ಲದರಲ್ಲೂ ಇದೆ. ಗೇರ್‌ಗಳೂ ಆರು, ಎಂಟು ಆಗಿವೆ. ಮಾರುತಿಯೇ ತನ್ನ ಎರ್ಟಿಗಾ, ಬ್ರೆಝಾ ಕಾರುಗಳಲ್ಲಿದ್ದ ನಾಲ್ಕು ಗೇರಿನ ಆಟೋಮ್ಯಾಟಿಕ್ ತೆಗೆದು 2022ರಲ್ಲಿ ಆರು ಗೇರಿನದ್ದನ್ನು ಹಾಕಿತು.

ನಾಲ್ಕನೆಯದು ಡಿಸಿಟಿ. ಫೋಕ್ಸ್‌ವ್ಯಾಗನ್‌ನವರು ಡಿಎಸ್‌ಜಿ ಎನ್ನುವುದೂ ಇದನ್ನೇ. ಎರಡು ಕ್ಲಚ್ ಇರುತ್ತವೆ. ಒಂದು 1, 3, 5ನೇ ಗೇರ್‌ಗಳನ್ನು ನೋಡಿಕೊಂಡರೆ ಇನ್ನೊಂದು 2, 4, 6ನೇ ಗೇರ್‌ಗಳನ್ನು. ಮುಂದಿನ ಗೇರ್ ಮೊದಲೇ ತಯಾರಾಗಿರುವುದರಿಂದ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಹೈವೇಯಲ್ಲಿ ಮೈಲೇಜ್ ಚೆನ್ನಾಗಿದೆ. ಗಂಟೆಗಟ್ಟಲೆ ಇಂಚಿಂಚು ಸರಿಯುವ ಬ್ಲಾಕ್‌ನಲ್ಲಿ ಮಾತ್ರ ಕ್ಲಚ್ ಬಿಸಿಯಾಗುತ್ತದೆ, ರಿಪೇರಿ ಬಂದರೆ ಖರ್ಚೂ ದೊಡ್ಡದು.

ಕಂಪನಿ ಕೊಟ್ಟ ಸಂಖ್ಯೆಗಳು ಏನು ಹೇಳುತ್ತವೆ?

2024ರಲ್ಲಿ ಬಂದ ಹೊಸ ಮಾರುತಿ ಸ್ವಿಫ್ಟ್ ನೋಡಿ. ಮ್ಯಾನುವಲ್‌ಗೆ ಲೀಟರಿಗೆ 24.80 ಕಿ.ಮೀ., ಎಎಂಟಿಗೆ 25.75 ಕಿ.ಮೀ. ಒಂದು ಲೀಟರಿನ ವ್ಯಾಗನ್ ಆರ್‌ನಲ್ಲಿ ಮ್ಯಾನುವಲ್ 24.35, ಎಎಂಟಿ 25.19. ಅಂದರೆ ಎಎಂಟಿಯೇ ಒಂದು ಹೆಜ್ಜೆ ಮುಂದೆ.

ಸಿವಿಟಿ ಬಗೆಗೆ 2024ರ ಹುಂಡೈ ಕ್ರೆಟಾ ಉದಾಹರಣೆ. ಒಂದೂವರೆ ಲೀಟರ್ ಪೆಟ್ರೋಲ್ ಮ್ಯಾನುವಲ್‌ಗೆ 17.4, ಐವಿಟಿಗೆ 17.7. ಬಹುತೇಕ ಸಮ ಸಮ.

ಟಾರ್ಕ್ ಕನ್ವರ್ಟರ್‌ಗೆ ಬಂದರೆ, 2022ರಲ್ಲಿ ಹೊಸ ಬ್ರೆಝಾ ಬಂದಾಗ ಮ್ಯಾನುವಲ್‌ಗೆ 20.15 ಎಂದೂ ಆರು ಗೇರಿನ ಆಟೋಮ್ಯಾಟಿಕ್‌ಗೆ 19.80 ಎಂದೂ ಕಂಪನಿ ಹೇಳಿತ್ತು. ಇಲ್ಲಿ ಮ್ಯಾನುವಲ್ ಮುಂದೆ, ಆದರೆ ಕೂದಲೆಳೆಯಷ್ಟೇ. ಅದೇ 2024ರ ಕ್ರೆಟಾ ಡೀಸೆಲ್‌ನಲ್ಲಿ ಕಥೆ ಬೇರೆ. ಮ್ಯಾನುವಲ್‌ಗೆ 21.8, ಆಟೋಮ್ಯಾಟಿಕ್‌ಗೆ 19.1. ಲೀಟರಿಗೆ 2.7 ಕಿ.ಮೀ. ವ್ಯತ್ಯಾಸ. ಮಾಮನ ಮಾತು ಇಲ್ಲಿ ಇಂದಿಗೂ ನಿಜ.

ಕ್ರೆಟಾ ಎಂಬ ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲ್ ಆಟೋಮ್ಯಾಟಿಕ್ ಮ್ಯಾನುವಲ್‌ಗಿಂತ ಮುಂದೆ, ಡೀಸೆಲ್ ಆಟೋಮ್ಯಾಟಿಕ್ ಹಿಂದೆ. ಹೀಗಿರುವಾಗ "ಆಟೋಮ್ಯಾಟಿಕ್ ಮೈಲೇಜ್ ಎಷ್ಟು?" ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಯಾವ ಕಾರು, ಯಾವ ಎಂಜಿನ್, ಯಾವ ಬಗೆಯ ಆಟೋಮ್ಯಾಟಿಕ್ ಅಂತ ಕೇಳಬೇಕು.

ಆ ಸಂಖ್ಯೆ ಬರುವುದು ಹೇಗೆ?

ಈ ಅಂಕಿಗಳನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಇವು ರಸ್ತೆಯಲ್ಲಿ ಓಡಿಸಿ ಬರೆದ ಲೆಕ್ಕ ಅಲ್ಲ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳ ಲ್ಯಾಬ್‌ನಲ್ಲಿ ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ಚಕ್ರಗಳನ್ನು ಸುಮಾರು 20 ನಿಮಿಷ ಓಡಿಸಿ ಮಾಡುವ ಪರೀಕ್ಷೆ. ಇಷ್ಟು ಸೆಕೆಂಡಿಗೆ ಇಷ್ಟು ವೇಗ ಅಂತ ಮೊದಲೇ ನಿಗದಿ ಆಗಿರುತ್ತದೆ. ಹೆಚ್ಚೆಂದರೆ 90 ಕಿ.ಮೀ. ವೇಗ. ಏರಿಲ್ಲ, ಎದುರು ಗಾಳಿ ಇಲ್ಲ, ಎಸಿ ಇಲ್ಲ, ಹಿಂದಿನ ಸೀಟಿನಲ್ಲಿ ನಾಲ್ಕು ಮಕ್ಕಳೂ ಇಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮ್ಯಾನುವಲ್ ಕಾರಿಗೆ ಯಾವ ವೇಗದಲ್ಲಿ ಯಾವ ಗೇರ್ ಅಂತ ಪರೀಕ್ಷೆಯ ನಿಯಮವೇ ಹೇಳುತ್ತದೆ. ಆಟೋಮ್ಯಾಟಿಕ್ ಕಾರನ್ನು 'ಡಿ'ಯಲ್ಲಿ ಹಾಕಿ ಬಿಟ್ಟರೆ ತನ್ನ ಕಂಪ್ಯೂಟರ್ ಹೇಳಿದಂತೆ ಬೇಗ ಬೇಗ ಮೇಲಿನ ಗೇರ್‌ಗೆ ಹೋಗುತ್ತದೆ. ಎಂಜಿನ್ ನಿಧಾನಕ್ಕೆ ತಿರುಗಿದಷ್ಟೂ ಇಂಧನ ಉಳಿಯುತ್ತದೆ. ಎಎಂಟಿ ಕಾಗದದ ಮೇಲೆ ಗೆಲ್ಲುವುದಕ್ಕೆ ಇದೂ ಒಂದು ಕಾರಣ. ಚೆನ್ನಾಗಿ ಓಡಿಸಬಲ್ಲವನ ಕೈಯಲ್ಲಿ ಅದೇ ಮ್ಯಾನುವಲ್ ಕಾರು ಎಎಂಟಿಗೆ ಸರಿಸಾಟಿ ಆಗಬಹುದು, ದಾಟಲೂಬಹುದು.

ಇನ್ನು ರಸ್ತೆಗೆ ಇಳಿದರೆ ಮ್ಯಾನುವಲ್ ಆಗಲಿ ಆಟೋಮ್ಯಾಟಿಕ್ ಆಗಲಿ, ಕಂಪನಿ ಹೇಳಿದ್ದಕ್ಕಿಂತ ಕಾಲು ಭಾಗ ಕಡಿಮೆ ಬರುವುದು ಸಾಮಾನ್ಯ. ಬ್ಲಾಕ್ ಜಾಸ್ತಿ ಇರುವ ಪೇಟೆಯಲ್ಲಿ ಇನ್ನೂ ಕಡಿಮೆ. ಹಾಗಾಗಿ ಈ ಸಂಖ್ಯೆಗಳು ಒಂದು ಕಾರನ್ನು ಇನ್ನೊಂದರ ಪಕ್ಕ ಇಟ್ಟು ನೋಡಲಿಕ್ಕೆ ಮಾತ್ರ, ತಿಂಗಳ ಬಜೆಟ್ ಹಾಕಲಿಕ್ಕಲ್ಲ.

ನಮ್ಮ ರಸ್ತೆಗಳಲ್ಲಿ ಆಗುವುದೇನು?

ತಲಪಾಡಿಯಿಂದ ಕಾಸರಗೋಡಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಗೇರ್ ಬಾಕ್ಸ್ ಯಾವುದು ಅನ್ನುವುದು ದೊಡ್ಡ ವಿಷಯವೇ ಅಲ್ಲ. ಎಲ್ಲವೂ ಮೇಲಿನ ಗೇರ್‌ನಲ್ಲಿ ಇರುತ್ತವೆ, ಟಾರ್ಕ್ ಕನ್ವರ್ಟರ್ ಕೂಡ ಲಾಕ್ ಆಗಿರುತ್ತದೆ. ಅಲ್ಲಿ ಪೆಟ್ರೋಲ್ ತಿನ್ನುವುದು ಗಾಳಿ. ವೇಗ 80ರಿಂದ 100ಕ್ಕೆ ಏರಿದರೆ ಕಾರನ್ನು ತಡೆಯುವ ಗಾಳಿಯ ಒತ್ತಡ ಅರ್ಧಕ್ಕಿಂತಲೂ ಹೆಚ್ಚು, ಅಂದರೆ ಸುಮಾರು ಶೇ. 56ರಷ್ಟು ಜಾಸ್ತಿ ಆಗುತ್ತದೆ. ಮ್ಯಾನುವಲ್‌ನಲ್ಲಿ 110ರಲ್ಲಿ ಹೋಗುವವನಿಗಿಂತ ಆಟೋಮ್ಯಾಟಿಕ್‌ನಲ್ಲಿ 80ರಲ್ಲಿ ಹೋಗುವವನ ಪೆಟ್ರೋಲ್ ಕಡಿಮೆಯೇ ಖರ್ಚಾಗುತ್ತದೆ.

ತೊಕ್ಕೊಟ್ಟು, ಪಂಪ್‌ವೆಲ್, ನಂತೂರು ಕಡೆ ಸಂಜೆಯ ಬ್ಲಾಕ್‌ನಲ್ಲಿ ಸಿಕ್ಕಿಬಿದ್ದಾಗ ವ್ಯತ್ಯಾಸ ಕಾಣುತ್ತದೆ. ಟಾರ್ಕ್ ಕನ್ವರ್ಟರ್ ಕಾರನ್ನು 'ಡಿ'ಯಲ್ಲಿಟ್ಟು ಬ್ರೇಕ್ ಒತ್ತಿ ನಿಂತರೆ ಎಂಜಿನ್ ಎಣ್ಣೆಯನ್ನು ತಳ್ಳುತ್ತಲೇ ಇರುತ್ತದೆ, ಬ್ರೇಕ್ ಅದನ್ನು ತಡೆಯುತ್ತಲೇ ಇರುತ್ತದೆ. ಎಎಂಟಿಯಲ್ಲಿ ಬ್ರೇಕ್ ಒತ್ತಿ ನಿಂತಾಗ ಕ್ಲಚ್ ಬಿಟ್ಟುಕೊಂಡಿರುವುದರಿಂದ ಆ ಹೊರೆ ಇಲ್ಲ. ಮ್ಯಾನುವಲ್‌ನಲ್ಲಿ ಚಾಲಕ ಹಾಫ್ ಕ್ಲಚ್‌ನಲ್ಲೇ ಸರಿಸುತ್ತಾ ಹೋದರೆ ಪೆಟ್ರೋಲೂ ಹೋಗುತ್ತದೆ, ಕ್ಲಚ್ ಪ್ಲೇಟೂ ಹೋಗುತ್ತದೆ.

ಇನ್ನು ಸಂಪಾಜೆ, ಶಿರಾಡಿ, ಚಾರ್ಮಾಡಿ ಘಾಟಿ. ಏರಿನಲ್ಲಿ ಯಾವ ಕಾರಿಗೂ ಮೈಲೇಜ್ ಬರುವುದಿಲ್ಲ. ಟಾರ್ಕ್ ಕನ್ವರ್ಟರ್‌ಗೆ ಇಲ್ಲಿ ಇನ್ನೂ ಸ್ವಲ್ಪ ಕಡಿಮೆ, ಯಾಕೆಂದರೆ ನಿಧಾನಗತಿಯ ತಿರುವುಗಳಲ್ಲಿ ಲಾಕ್ ಬಿಟ್ಟುಹೋಗಿ ಮತ್ತೆ ಎಣ್ಣೆಯಲ್ಲೇ ಕೆಲಸ ನಡೆಯುತ್ತದೆ. ಆದರೆ ಏರಿನಲ್ಲಿ ಹಿಂದಕ್ಕೆ ಜಾರದೆ ನಯವಾಗಿ ಹೊರಡುವುದರಲ್ಲಿ ಅದೇ ಮೇಲು.

ರೂಪಾಯಿಯ ಲೆಕ್ಕ

ತಿಂಗಳಿಗೆ ಸಾವಿರ ಕಿಲೋಮೀಟರ್, ವರ್ಷಕ್ಕೆ 12,000 ಅಂತ ಇಟ್ಟುಕೊಳ್ಳೋಣ. ಪೆಟ್ರೋಲ್ ಲೀಟರಿಗೆ 105 ರೂಪಾಯಿ ಎಂದು ಹಿಡಿಯೋಣ.

ಕಂಪನಿಯ ಲೆಕ್ಕದಂತೆ ಸ್ವಿಫ್ಟ್ ಮ್ಯಾನುವಲ್‌ಗೆ ವರ್ಷಕ್ಕೆ 484 ಲೀಟರ್, ಎಎಂಟಿಗೆ 466 ಲೀಟರ್ ಬೇಕು. ಉಳಿಯುವುದು 18 ಲೀಟರ್, ಅಂದರೆ ಹೆಚ್ಚುಕಡಿಮೆ 1,900 ರೂಪಾಯಿ. ಆದರೆ ಸ್ವಿಫ್ಟ್‌ನಲ್ಲಿ ಎಎಂಟಿ ಬೇಕೆಂದರೆ ಶೋರೂಮ್‌ನಲ್ಲಿ 45ರಿಂದ 50 ಸಾವಿರ ರೂಪಾಯಿ ಹೆಚ್ಚು ಕೊಡಬೇಕಿತ್ತು. 45 ಸಾವಿರವನ್ನು ಪೆಟ್ರೋಲ್ ಉಳಿತಾಯದಿಂದ ವಾಪಸ್ ಪಡೆಯಲು ಸುಮಾರು 24 ವರ್ಷ ಬೇಕು. ಅಷ್ಟು ವರ್ಷ ಆ ಕಾರು ಇರುವುದೇ ಸಂಶಯ.

ಕ್ರೆಟಾ ಪೆಟ್ರೋಲ್‌ನಲ್ಲಿ ಐವಿಟಿಯಿಂದ ವರ್ಷಕ್ಕೆ ಉಳಿಯುವುದು 12 ಲೀಟರ್. 2024ರಲ್ಲಿ ಅದಕ್ಕೆ ಹೆಚ್ಚು ಕೊಡಬೇಕಾಗಿದ್ದದ್ದು ಸುಮಾರು ಒಂದೂವರೆ ಲಕ್ಷ ರೂಪಾಯಿ. ಇಲ್ಲಿ ಲೆಕ್ಕ ಹಾಕುವುದೇ ಬೇಡ.

ಕ್ರೆಟಾ ಡೀಸೆಲ್ ಆಟೋಮ್ಯಾಟಿಕ್‌ಗೆ ವರ್ಷಕ್ಕೆ 78 ಲೀಟರ್ ಹೆಚ್ಚು ಡೀಸೆಲ್ ಬೇಕು. ಲೀಟರಿಗೆ 95 ರೂಪಾಯಿ ಎಂದರೂ ವರ್ಷಕ್ಕೆ 7,400 ರೂಪಾಯಿ ಖರ್ಚು. ದಿನಾ ದೂರ ಓಡುವವರಿಗೆ ಇದು ಸಣ್ಣ ಮೊತ್ತ ಅಲ್ಲ.

ಇದರಿಂದ ಎರಡು ಮಾತು ಸ್ಪಷ್ಟ. ಸಣ್ಣ ಪೆಟ್ರೋಲ್ ಕಾರಿನಲ್ಲಿ ಮೈಲೇಜ್‌ಗೆ ಹೆದರಿ ಆಟೋಮ್ಯಾಟಿಕ್ ಬಿಡಬೇಕಾಗಿಲ್ಲ. ಹಾಗೆಯೇ ಮೈಲೇಜ್ ಉಳಿಸುತ್ತೆ ಅಂತ ಸೇಲ್ಸ್‌ಮ್ಯಾನ್ ಹೇಳಿದ್ದಕ್ಕೆ ಸಾಲ ಮಾಡಿ ಆಟೋಮ್ಯಾಟಿಕ್ ತೆಗೆದುಕೊಳ್ಳುವುದರಲ್ಲೂ ಅರ್ಥ ಇಲ್ಲ. ಹೆಚ್ಚು ಕೊಡುವ ಹಣ ಪೆಟ್ರೋಲಿಗಲ್ಲ, ಅನುಕೂಲಕ್ಕೆ. ಆ ಅನುಕೂಲ ಮನೆಗೆ ಬೇಕಾ, ಬೇಡವಾ ಅನ್ನುವುದೇ ನಿಜವಾದ ಪ್ರಶ್ನೆ.

ಹೋಲಿಕೆಗೆ ಇನ್ನೊಂದು ವಿಷಯ: ಗಡಿಯ ಆಚೆ ಈಚೆ ಪೆಟ್ರೋಲ್ ದರದಲ್ಲೇ ಲೀಟರಿಗೆ ಕೆಲವು ರೂಪಾಯಿ ವ್ಯತ್ಯಾಸ ಇದೆ. ಮಂಜೇಶ್ವರದ ಕಡೆಯವರು ಮಂಗಳೂರಿಗೆ ಬಂದಾಗ ಕರ್ನಾಟಕದ ಪಂಪಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೋಗುವುದು ಅದಕ್ಕೇ. 480 ಲೀಟರ್ ಹಾಕುವವರಿಗೆ ಲೀಟರಿಗೆ ನಾಲ್ಕು ರೂಪಾಯಿ ಉಳಿದರೆ ವರ್ಷಕ್ಕೆ 1,900 ರೂಪಾಯಿ ಆಯಿತು. ಸ್ವಿಫ್ಟ್‌ನ ಎರಡು ಗೇರ್ ಬಾಕ್ಸ್‌ಗಳ ನಡುವಿನ ಜಗಳವೂ ಇಷ್ಟೇ ಹಣದ್ದು.

ಪೆಟ್ರೋಲ್ ಉಳಿಸುವುದು ಗೇರ್ ಅಲ್ಲ, ಕಾಲು

ಗೇರ್ ಬಾಕ್ಸ್ ಯಾವುದೇ ಇರಲಿ, ಕೆಲವು ಅಭ್ಯಾಸಗಳಿಂದ ಇದಕ್ಕಿಂತ ಹೆಚ್ಚು ಉಳಿಸಬಹುದು.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತೆ ಅನ್ನುವುದು ಕಾರ್ಬ್ಯುರೇಟರ್ ಕಾಲದ ನಂಬಿಕೆ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಗೇರ್‌ನಲ್ಲೇ ಇಟ್ಟು ಎಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ ಕಂಪ್ಯೂಟರ್ ಇಂಧನ ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಆರದಂತೆ ನೋಡಿಕೊಳ್ಳಲು ಪೆಟ್ರೋಲ್ ಬಿಡಲೇಬೇಕು. ಅದಕ್ಕಿಂತ ದೊಡ್ಡ ವಿಷಯ, ನ್ಯೂಟ್ರಲ್‌ನಲ್ಲಿ ಎಂಜಿನ್‌ನ ಹಿಡಿತ ತಪ್ಪಿ ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಘಾಟಿಯಲ್ಲಿ ಬ್ರೇಕ್ ಬಿಸಿಯಾಗಿ ಹಿಡಿಯದೇ ಹೋದರೆ ಉಳಿಸಿದ ಪೆಟ್ರೋಲ್ ಯಾರ ಉಪಯೋಗಕ್ಕೂ ಬರುವುದಿಲ್ಲ. ಆಟೋಮ್ಯಾಟಿಕ್ ಕಾರಿನಲ್ಲೂ ಇಳಿಯುವಾಗ 'ಎಂ' ಅಥವಾ 'ಎಲ್' ಹಾಕಿ ಕೆಳಗಿನ ಗೇರ್‌ನಲ್ಲೇ ಇಳಿಯಬೇಕು.

ಎಎಂಟಿ ಓಡಿಸುವವರು ಏರಿನಲ್ಲಿ ನಿಂತಾಗ ಎಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದಿಡಬಾರದು. ಕಾಲಿಗೆ ಕ್ಲಚ್ ಇಲ್ಲದಿದ್ದರೂ ಒಳಗೆ ಕ್ಲಚ್ ಇದ್ದೇ ಇದೆ, ಅದು ಸುಟ್ಟುಹೋಗುತ್ತದೆ. ಬ್ರೇಕ್ ಅಥವಾ ಹ್ಯಾಂಡ್ ಬ್ರೇಕ್‌ನಲ್ಲೇ ನಿಲ್ಲಿಸಬೇಕು. ಹಿಲ್ ಹೋಲ್ಡ್ ಇರುವ ಕಾರಾದರೆ ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಕಾರು ಜಾರದೆ ನಿಲ್ಲುತ್ತದೆ.

ಮ್ಯಾನುವಲ್ ಓಡಿಸುವವರು ಕ್ಲಚ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಹೋಗುವ ಅಭ್ಯಾಸ ಬಿಡಬೇಕು. ನಾಲ್ಕನೇ ಗೇರ್ ಸಾಕಾಗುವಲ್ಲಿ ಮೂರನೇ ಗೇರ್‌ನಲ್ಲಿ ಎಂಜಿನ್ ಕೂಗಿಸಬಾರದು. ಹಾಗಂತ ಐದನೇ ಗೇರ್‌ನಲ್ಲಿ ಏರು ಹತ್ತಿಸಿ ಎಂಜಿನ್ ನಡುಗಿಸುವುದೂ ಸರಿಯಲ್ಲ.

ಶಾಲೆಯ ಗೇಟಿನ ಹತ್ತಿರ, ಮದುವೆ ಹಾಲ್‌ನ ಹೊರಗೆ ಎಸಿ ಹಾಕಿ ಎಂಜಿನ್ ಓಡಿಸುತ್ತಾ ಕೂರುವುದು ಇನ್ನೊಂದು ಸೋರಿಕೆ. ಸಣ್ಣ ಕಾರೂ ಹೀಗೆ ನಿಂತಲ್ಲೇ ಗಂಟೆಗೆ ಸುಮಾರು ಮುಕ್ಕಾಲರಿಂದ ಒಂದು ಲೀಟರ್ ಕುಡಿಯುತ್ತದೆ. ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆಯಾದರೂ ನೋಡಬೇಕು.

ಮೈಲೇಜ್ ಎಷ್ಟು ಬರುತ್ತಿದೆ ಅಂತ ತಿಳಿಯಲು ಮೀಟರ್ ತೋರಿಸಿದ್ದನ್ನಷ್ಟೇ ನಂಬಬಾರದು. ಟ್ಯಾಂಕ್ ಪೂರ್ತಿ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುನ್ನೂರು ನಾನೂರು ಕಿಲೋಮೀಟರ್ ಓಡಿಸಿ, ಮತ್ತೆ ಅದೇ ಪಂಪಿನಲ್ಲಿ ಪೂರ್ತಿ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿದ ಲೀಟರಿನಿಂದ ಭಾಗಿಸಿದರೆ ಬರುವುದೇ ನಿಜವಾದ ಲೆಕ್ಕ. ಎರಡು ಮೂರು ಸಲ ಮಾಡಿದರೆ ಇನ್ನೂ ಖಚಿತ.

ತೆಗೆದುಕೊಳ್ಳುವ ಮುಂಚೆ

ಶೋರೂಮ್‌ಗೆ ಹೋದಾಗ ಮೊದಲು ಕೇಳಬೇಕಾದದ್ದು, ಇದು ಎಎಂಟಿಯಾ, ಸಿವಿಟಿಯಾ, ಟಾರ್ಕ್ ಕನ್ವರ್ಟರಾ, ಡಿಸಿಟಿಯಾ ಅಂತ. ಅದೇ ಎಂಜಿನ್‌ನ ಮ್ಯಾನುವಲ್‌ಗೆ ಮೈಲೇಜ್ ಎಷ್ಟು, ಬೆಲೆಯಲ್ಲಿ ವ್ಯತ್ಯಾಸ ಎಷ್ಟು ಅಂತ ಕಾಗದದಲ್ಲಿ ಬರೆದುಕೊಳ್ಳಬೇಕು. ಹಿಲ್ ಹೋಲ್ಡ್ ಇದೆಯಾ ಅಂತ ಕೇಳಬೇಕು. ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಆದರೆ ಗೇರ್ ಎಷ್ಟು ಅಂತ ಎಣಿಸಬೇಕು. ನಾಲ್ಕೇ ಗೇರಿನ ಹಳೆಯ ಟಾರ್ಕ್ ಕನ್ವರ್ಟರ್ ಆಗಿದ್ದರೆ ಮಾಮನ ಎಚ್ಚರಿಕೆಯನ್ನು ಕಿವಿಗೆ ಹಾಕಿಕೊಳ್ಳುವುದು ಒಳ್ಳೆಯದು. ಸರ್ವಿಸ್ ದಾಖಲೆ ಇಲ್ಲದ ಡಿಸಿಟಿ ಕಾರು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಆ ಅಗ್ಗ ಒಂದೇ ರಿಪೇರಿಯಲ್ಲಿ ಮುಗಿಯಬಹುದು.

ದಿನಾ ದೂರ ಓಡುವ, ಡೀಸೆಲ್ ಬೇಕೆನ್ನುವ, ಮ್ಯಾನುವಲ್ ಕೈಗೆ ಚೆನ್ನಾಗಿ ಒಗ್ಗಿದವರಿಗೆ ಮ್ಯಾನುವಲ್ಲೇ ಲಾಭ. ಬೆಲೆ, ಇಂಧನ ಎರಡರಲ್ಲೂ ಹಣ ಉಳಿಯುತ್ತದೆ. ಪೇಟೆಯ ಬ್ಲಾಕ್‌ನಲ್ಲಿ ದಿನಾ ಸಿಕ್ಕಿಕೊಳ್ಳುವವರು, ಮೊಣಕಾಲು ನೋವಿನವರು, ಹೊಸದಾಗಿ ಕಲಿತವರು ಇರುವ ಮನೆಗೆ ಎಎಂಟಿ ಅಥವಾ ಸಿವಿಟಿ ಪೆಟ್ರೋಲ್ ಕಾರು ಹೊರೆ ಆಗುವುದಿಲ್ಲ.

ಕೊನೆಗೆ, ಟೆಸ್ಟ್ ಡ್ರೈವ್‌ಗೆ ಮಾಮನೂ ಹೋಗಲಿ, ಹುಡುಗನೂ ಹೋಗಲಿ. ಆದರೆ ಸ್ಟೇರಿಂಗ್ ಹಿಡಿಯಬೇಕಾದದ್ದು ರಜೆ ಮುಗಿದ ಮೇಲೆ ಆ ಕಾರನ್ನು ಓಡಿಸುವವರು. ಶೋರೂಮ್‌ನ ಸಮತಟ್ಟಾದ ರಸ್ತೆಯಲ್ಲಿ ಅಲ್ಲ, ಸಾಧ್ಯವಾದರೆ ಮನೆಯ ಗೇಟಿನ ಆ ಏರಿನಲ್ಲೇ ನಿಲ್ಲಿಸಿ, ಹೊರಟು ನೋಡಬೇಕು. ಅಲ್ಲಿ ಹೆದರಿಕೆ ಇಲ್ಲದೆ ಮೇಲೆ ಹತ್ತಿತು ಅಂದರೆ ಮುಂದಿನ ಸಲ ಉಮ್ಮನನ್ನು ದೇರಳಕಟ್ಟೆಗೆ ಕರೆದುಕೊಂಡು ಹೋಗಲು ಬಾಡಿಗೆ ಗಾಡಿಗೆ ಫೋನ್ ಮಾಡಬೇಕಾಗಿಲ್ಲ. ಶೆಡ್‌ನಲ್ಲಿ ನಿಂತ ಕಾರು ಎಷ್ಟು ಮೈಲೇಜ್ ಕೊಟ್ಟರೂ ಅದರಿಂದ ಮನೆಗೆ ಉಳಿಯುವುದು ಏನೂ ಇಲ್ಲ.